ಕೈಮೇಲೆ ಕೂತು ಎಣಿಸುವ ಪಾಠ

ಹೆಬ್ಬೆರಳು ಇನ್ನೂ ಅಂಟಂಟು, ನಲ್ಲಿ ಬಿಟ್ಟು ತೊಳೆದದ್ದಾಯಿತು, ಸೋಪೂ ಹಚ್ಚಿದ್ದಾಯಿತು, ಆದರೂ ಮಗಳ ಜೊಲ್ಲು ಹೋಗಿಲ್ಲ ಅನ್ನಿಸುತ್ತಿದೆ ಅವನಿಗೆ, ಅಡುಗೆಮನೆಯ ಸಿಂಕಿಗೆ ಮುಖ ಮಾಡಿ ನಿಂತಿದ್ದಾನೆ, ನಡುಮನೆಯಲ್ಲಿ ಅಕ್ಕ ಇದ್ದಾಳೆ, ಅಕ್ಕನ ಮಗ ಇದ್ದಾನೆ, ಮಗಳಿದ್ದಾಳೆ, ನಿಂಗೇನು ತಲೆ ಕೆಟ್ಟಿದ್ಯೇನೋ ಅಂತ ಅಕ್ಕ ಬೈದಿದ್ದರೆ ಇವನೂ ಏನೋ ಗೊಣಗಿ ಪಾರಾಗಬಹುದಿತ್ತು, ಅಕ್ಕ ಮಗುವಿನ ಬಾಯಿ ಒರೆಸಿದಳು ಅಷ್ಟೆ, ಆ ಬಾಯಿ — ಬೇಡ, ಅದನ್ನು ನೆನೆಯುವುದು ಬೇಡ, ಸಂಜೆ ಸಂಜೆ ಲೆಕ್ಕ ಹೇಳಿಕೊಟ್ಟವನು ಇವನೇ, ಬಡಗಿ ಕೆಲಸ ಮುಗಿಸಿ ಬಂದು, ತಲೆಯ ಮರದ ಪುಡಿ ಕೊಡವಿ, ಮೊದಮೊದಲು ಎಷ್ಟು ಚೆನ್ನಾಗಿತ್ತು, ಮರದ ತುಂಡುಗಳನ್ನು ಉಜ್ಜಿ ನುಣುಪು ಮಾಡಿ ತಂದಿದ್ದ, ಅಪ್ಪ ಮಗಳು ನೆಲದ ಮೇಲೆ ಬೋರಲಾಗಿ ಮಲಗಿ ಸಾಲು ಜೋಡಿಸುತ್ತಿದ್ದರು, ಮಗಳು ಒಂದೊಂದನ್ನೂ ಮುಟ್ಟಿ ಮಾತಾಡಿಸುತ್ತ ಎಣಿಸುತ್ತಿದ್ದಳು, ಅಪ್ಪಾ, ಐದನೇದಕ್ಕೆ ಜ್ವರ ಬಂದಿದೆ, ಅದನ್ನ ಎಣಿಸ್ಬೇಡ, ಮಲಗ್ಲಿ ಪಾಪ, ಎಷ್ಟು ನಕ್ಕಿದ್ದ ಅವತ್ತು, ಆಮೇಲೆ ಅದೇನು ದೆವ್ವ ಹೊಕ್ಕಿತೋ, ತುಂಡುಗಳನ್ನು ಅಟ್ಟಕ್ಕೆ ಹಾಕಿದ, ಬೆರಳು ಬಿಚ್ಚಿದರೆ ಕಣ್ಣು ಕೆಂಪು ಮಾಡಿದ, ಬೆರಳು ಎಣಿಸೋರು ದಡ್ಡರು, ಕೈಮೇಲೆ ಕೂತ್ಕೋ, ಮಗಳು ಎರಡೂ ಕೈ ತೊಡೆಯಡಿ ಸೇರಿಸಿ ಕೂತಳು, ಹೆಂಡತಿ ಅಂದಳು, ಅದಕ್ಕಿನ್ನೂ ಐದು ತುಂಬಿಲ್ಲ, ಬೆರಳೇನು ಬಾಡಿಗೆಗೆ ತಂದಿದ್ದಾ, ಎಣಿಸ್ಲಿ ಬಿಡ್ರೀ — ನಿಂಗೊತ್ತಾಗಲ್ಲ ಸುಮ್ನಿರು.

ಹೆಂಡತಿಗೆ ಹೇಗೆ ಗೊತ್ತಾಗಬೇಕು, ಹೇಳಿದ್ದರೆ ತಾನೇ, ಕಿಟಕಿಗಳಿಗೆ ಎಷ್ಟು ಸ್ಕ್ರೂ ಬೇಕೋ ಅಂತ ಕಂಟ್ರಾಕ್ಟರ್ ಕೇಳಿದಾಗ ಇವನು ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತ ನಿಂತದ್ದು, ಬನ್ರೋ ಇಲ್ಲಿ, ನಮ್ಮ ಮೇಸ್ತ್ರಿ ಇನ್ನೂ ಒಂದನೇ ಕ್ಲಾಸು, ಎಲ್ಲರೂ ಬಿದ್ದು ಬಿದ್ದು ನಕ್ಕದ್ದು, ಇವನೂ ಹಲ್ಲು ಕಿರಿದದ್ದು, ಅವತ್ತಿನಿಂದ ಎಡಗೈಯನ್ನು ಪ್ಯಾಂಟಿನ ಜೇಬಿನೊಳಗಿಟ್ಟು ಎಣಿಸುತ್ತಾನೆ, ಇವತ್ತು ಬೆಳಿಗ್ಗೆಯೂ ಹಾಗೇ ಎಣಿಸಿದ, ಮಗಳ ಫ್ರಾಕಿಗೆ ಜೇಬೂ ಇಲ್ಲ, ಒಂದಷ್ಟು ದಿನ ಲೆಕ್ಕಕ್ಕೆ ಕೂತರೆ ಅವಳದ್ದು ಬರೀ ಅಳು, ಆಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ನಾಲ್ಕೂ ಮೂರೂ ಏಳು ಅಂದಳು, ಕೈ ಅಲ್ಲಾಡಿಲ್ಲ, ಹಿಗ್ಗಿ ಹೀರೇಕಾಯಿಯಾಗಿಬಿಟ್ಟ, ಅಕ್ಕನಿಗೆ ಫೋನು ಮಾಡಿ ಕೊಚ್ಚಿಕೊಂಡ, ನಿನ್ನ ಮಗನ್ನೂ ಕರ್ಕೊಂಡ್ ಬಾ, ನೋಡುವಂತೆ, ಬಂದರು, ಐದೂ ಮೂರೂ ಎಷ್ಟು ಪುಟ್ಟಾ ಅಂದಳು ಅಕ್ಕ, ಮಗಳು ಕೈಮೇಲೆ ಕೂತಳು, ಬಾಯಿ ಬಿಗಿದಳು, ಕೆನ್ನೆ ಒಳಗಿನಿಂದ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು, ಅಕ್ಕನ ಮಗ ಬೆರಳುಗಳನ್ನು ಅಗಲಿಸಿ ಎಂಟು ಎಂಟು ಅಂತ ಕುಣಿದ, ಇವನಿಗೆ ಮೈಯೆಲ್ಲ ಉರಿಯಿತು, ಬಾಯಲ್ಲೇನದು, ಬಿಸ್ಕತ್ತಾ, ಉಗುಳು, ಮಗಳು ಇಲ್ಲವೆಂದು ತಲೆಯಾಡಿಸಿದಳು, ಉಗುಳೇ, ಕೆನ್ನೆ ಹಿಂಡಿ ಹೆಬ್ಬೆರಳು ತೂರಿಸಿ ಬಾಯಿ ತೆರೆಸಿದ, ಏನೂ ಇಲ್ಲ, ನಾಲಿಗೆ ಅಷ್ಟೆ, ಮೇಲಿನ ಸಾಲಿನ ಒಂದು ಹಲ್ಲಿಗೆ ತುದಿ ಒತ್ತಿಕೊಂಡು ನಿಂತಿದೆ, ಜಾಗ ಬಿಟ್ಟರೆ ಲೆಕ್ಕ ತಪ್ಪುತ್ತದಲ್ಲ, ಇವನ ಬೆರಳು ಅಡ್ಡ ಇದ್ದರೂ ಬಿಡಲಿಲ್ಲ, ಬೆರಳಿಗೆ ತಾಗಿಕೊಂಡೇ ಮುಂದಿನ ಹಲ್ಲಿಗೆ ಸರಿಯಿತು — ಎಣಿಸುತ್ತಿದ್ದಾಳೆ, ಇಷ್ಟು ದಿನವೂ ಹೀಗೇ ಎಣಿಸಿದ್ದಾಳೆ, ತುಟಿ ಮುಚ್ಚಿಕೊಂಡು, ಒಬ್ಬಳೇ, ಇವನು ಬುದ್ಧಿ ಬಂತು ಅಂದುಕೊಂಡಿದ್ದ, ಥೂ, ಇಂಥ ಅಪ್ಪನ ಮುಖಕ್ಕಿಷ್ಟು.

ಹೋಗಿ ಹೇಳಬೇಕು, ಈಗಲೇ, ಅಕ್ಕನ ಎದುರಿಗೇ ಹೇಳಬೇಕು, ಅಪ್ಪನೂ ಬೆರಳೇ ಎಣಿಸೋದು ಪುಟ್ಟಾ, ಜೇಬಲ್ಲಿ ಕಳ್ಳನ ಥರ, ನೀನು ಎದುರಿಗೇ ಎಣಿಸು, ತುಂಡು ಇಳಿಸ್ಕೊಡ್ತೀನಿ, ಜ್ವರ ಬಂದಿದ್ದನ್ನ ಮಲಗಿಸೋಣ, ನಲ್ಲಿ ನಿಲ್ಲಿಸಿ ತಿರುಗುತ್ತಾನೆ, ಬಾಗಿಲಲ್ಲಿ ಮಗಳೇ ನಿಂತಿದ್ದಾಳೆ, ಅಪ್ಪನ ಹತ್ರ ಹೋಗು ಅಂತ ಅಕ್ಕ ಕಳಿಸಿರಬೇಕು, ಮೊದಲು ಬೆರಳು, ಆಮೇಲೆ ಮಾತು, ಕುಕ್ಕರುಗಾಲಿನಲ್ಲಿ ಕೂತು ಎಡಗೈ ಬೆರಳು ಬಿಚ್ಚಿ ತೋರಿಸಲು ಅವಳ ಕಡೆ ಚಾಚುತ್ತಾನೆ — ಕೈ ಬರುವುದನ್ನು ಮಗಳು ನೋಡಿದಳು, ಅಲ್ಲ ಪುಟ್ಟಾ, ಅದಕ್ಕಲ್ಲ, ಅವಳು ಹಿಂದೆ ಸರಿಯಲಿಲ್ಲ, ಅಳಲಿಲ್ಲ, ತಾನಾಗಿ ಬಾಯಿ ತೆರೆದಳು, ಆದಷ್ಟು ಅಗಲ, ನಾಲಿಗೆ ಕೆಳಗೆ ಒತ್ತಿ ಹಿಡಿದಿದ್ದಾಳೆ, ಯಾವ ಹಲ್ಲಿಗೂ ತಾಗದ ಹಾಗೆ, ತೆರೆದೇ ಇದ್ದಾಳೆ, ನಾಲಿಗೆ ಕೆಳಗೆ, ಬಾಯಿ, ಆ ಬಾಯಿ —