ದಾಕ್ಷಾಯಣಮ್ಮ ತಿದ್ದಿದ ಪ್ರೂಫು

ಶಂಕರಲಿಂಗಪ್ಪ ಹಾಳೆಯನ್ನು ಎರಡಾಗಿ ಮಡಚಿ, ಮಡಿಕೆಯ ಮೇಲೆ ಉಗುರು ಎಳೆದು, ಇನ್ನೇನು ಹರಿಯಬೇಕು, ಅಷ್ಟರಲ್ಲಿ ಲೋಹಿತಾ ಬಂದು ಅವನ ಕೈ ಹಿಡಿದಳು.

“ಮಾವ, ಅದನ್ನ ಹರೀಬ್ಯಾಡ.”

“ಅಯ್ನೋರು ಮಂತ್ರ ಬರೆಯಕ್ಕೆ ಇಪ್ಪತ್ತೊಂದು ಚೀಟಿ ಕೇಳವ್ರೆ ಕಣವ್ವ. ಸಮಾಧಿಗೆ ಇಳಿಸಿದ ಮ್ಯಾಲೆ ಮೈಮ್ಯಾಲೆ ಇಡಬೇಕಲ್ಲ. ಹಿಂದ್ಗಡೆ ಖಾಲಿ ಐತೆ ನೋಡು.”

“ಅದು ಅಮ್ಮನ ಪುಸ್ತಕ.”

ಶಂಕರಲಿಂಗಪ್ಪ ಹಾಳೆ ತಿರುಗಿಸಿ ನೋಡಿದ. ಪುಸ್ತಕ ಅಂದಮೇಲೆ ಅವನ ಪ್ರಕಾರ ರಟ್ಟಿರಬೇಕು, ಹೊಲಿಗೆಯಿರಬೇಕು. ಇದು ಬರೀ ಬಿಡಿ ಹಾಳೆಗಳ ಕಟ್ಟು, ಮೂಟೆ ಹೊಲಿಯುವ ದಾರದಲ್ಲಿ ಬಿಗಿದದ್ದು. ಕಾಗದ ಹುಡುಕುತ್ತಾ ಹೋದವನಿಗೆ ತಂಗಿಯ ದಿಂಬಿನ ಪಕ್ಕದಲ್ಲೇ ಸಿಕ್ಕಿತ್ತು, ಮೇಲಿನ ಹಾಳೆ ಎಳೆದುಕೊಂಡಿದ್ದ. ಲೋಹಿತಾ ಅದನ್ನು ಇಸಿದುಕೊಂಡು, ಬದಲಿಗೆ ಒಂದು ಹಳೆಯ ನೋಟ್‌ಬುಕ್ಕು ಕೊಟ್ಟಳು.

ನಡುಮನೆಯಲ್ಲಿ ದಾಕ್ಷಾಯಣಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ತೋವಿನಕೆರೆ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದವಳು. ಬರೆಯುವ ಹೊತ್ತು ಬಿಟ್ಟರೆ ಅವಳು ಇಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಪಕ್ಕದ ಮನೆಯ ಶಿವರುದ್ರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ನಿನ್ನ ಕತೇನೂ ಹಾಕಿವ್ನಿ ಕಣೇ, ಬುಕ್ಕು ಬಂದ್ಮ್ಯಾಲೆ ಓದಿ ಹೇಳ್ತೀನಿ ಅಂದಿದ್ಲು. ನಂಗೆ ಓದಕ್ಕೆ ಬರಲ್ಲ. ಇನ್ನ್ಯಾರು ಹೇಳ್ತಾರೆ ಹೋಗು.”

*

ಹುಣಸೆ ಸುಗ್ಗಿಯಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುವಾಗ ಆಡಿದ ಮಾತುಗಳೇ ದಾಕ್ಷಾಯಣಮ್ಮನ ಕತೆಗಳು. ಹದಿನಾಲ್ಕು ಕತೆ ಆದಾಗ ಅವಳಿಗೆ ಐವತ್ತೇಳು. ಆಗ ಹತ್ತಿತು ನೋಡಿ ಪುಸ್ತಕದ ಹುಚ್ಚು.

ಮೊದಲು ಬರೆದದ್ದು ಚೊಚ್ಚಲ ಕೃತಿಗೆ ಸಹಾಯಧನ ಕೊಡುವ ಕಡೆಗೆ. ವಯಸ್ಸು ಮೂವತ್ತೈದು ಮೀರಿರಬಾರದು ಎಂದು ಉತ್ತರ ಬಂತು.

“ಚೊಚ್ಚಲ ಬಸುರಿಗೆ ವಯಸ್ಸು ಕೇಳ್ತಾರೆ, ಸರಿ. ಬುಕ್ಕಿಗೂ ಕೇಳ್ತಾರೇನೇ?” ಎಂದು ನಕ್ಕಿದ್ದಳು. ನಕ್ಕಳು ಅಷ್ಟೇ, ಆ ಕಾಗದವನ್ನು ಮಾತ್ರ ಎಸೆಯಲಿಲ್ಲ.

ಬೆಂಗಳೂರಿನ ಪ್ರಕಾಶಕರೊಬ್ಬರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಮುನ್ನುಡಿ ಯಾರದಮ್ಮ?” ಮುನ್ನುಡಿಗೆಂದು ತುಮಕೂರಿನ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಕಟ್ಟು ಕೊಟ್ಟು ಬಂದಳು. ಯುಗಾದಿ ಕಳೆಯಲಿ ಅಂದರು, ದೀಪಾವಳಿ ಕಳೆಯಲಿ ಅಂದರು. ಹೀಗೇ ಮೂರು ವರ್ಷ. ಬಸ್ ಕಂಡಕ್ಟರ್ ಆಗಿದ್ದ ಲೋಹಿತಾ ಒಂದು ದಿನ ರಜೆ ಹಾಕಿ ಹೋಗಿ ಅದನ್ನು ವಾಪಸ್ಸು ತಂದಳು.

ದಾಕ್ಷಾಯಣಮ್ಮ ಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಗಂಟು ಅವಳು ಹಾಕಿದ್ದೇ. ಹುಣಸೆ ಮೂಟೆಗೆ ಹಾಕುವ ಗಂಟು, ಒಮ್ಮೆ ಬಿಚ್ಚಿದರೆ ಬೇರೆಯವರಿಗೆ ಹಾಗೇ ಹಾಕಲು ಬರುವುದಿಲ್ಲ.

“ಬಿಚ್ಚೇ ಇಲ್ಲ ಕಣೇ,” ಅಂದಳು. ಆ ದಿನ ಅವಳು ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದು, “ಮುನ್ನುಡಿ ಬ್ಯಾಡ. ಸಿರಾಗೆ ಕೊಡು, ಕರೀಮಣ್ಣನ ಪ್ರೆಸ್ಸಿಗೆ,” ಅಂದಳು.

*

ಕರೀಮ್ ಸಾಬರ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದದ್ದು ಮದುವೆ ಕಾರ್ಡು, ನಾಮಕರಣದ ಕಾರ್ಡು, ಲಿಂಗಾಯತರ ಮನೆಗಳ ಹನ್ನೊಂದನೇ ದಿನದ ಶಿವಗಣಾರಾಧನೆ ಕಾರ್ಡು. ಕಂಪ್ಯೂಟರಿನ ಮುಂದೆ ಕೂರುವವಳು ಅವರ ಮೊಮ್ಮಗಳು ಐಮನ್. ಪುಸ್ತಕ ಅವರಿಗೂ ಚೊಚ್ಚಲವೇ.

ಪ್ರೂಫು ಶಿರಾದಿಂದ ಬಸ್ಸಿಂದ ಬಸ್ಸಿಗೆ ಕೈ ಬದಲಾಯಿಸಿಕೊಂಡು ಬಂತು. ದಾಕ್ಷಾಯಣಮ್ಮ ಸೀರೆಗೆ ಕೈ ಒರೆಸಿಕೊಂಡು ಮೊದಲ ಹಾಳೆ ತೆಗೆದಳು. “ಹುಣಸೆ ಕುಟ್ಟುವಾಗ ಹೇಳಿದ್ದು.” ಅದರ ಕೆಳಗೆ, ದಪ್ಪಕ್ಷರದಲ್ಲಿ: “ಲಿಂ. ದಾಕ್ಷಾಯಣಮ್ಮ.”

ಲಿಂಗೈಕ್ಯರಾದವರ ಹೆಸರಿಗೆ ಮೊದಲು ಹಾಕುವ ಅಕ್ಷರ ಅದು. ಲೋಹಿತಾ ಕೆಂಡವಾಗಿ ಫೋನು ಮಾಡಿದಳು. ಆ ಕಡೆ ಐಮನ್ ಅಳುವ ದನಿಯಲ್ಲಿ, “ಅಕ್ಕಾ, ನಿಮ್ಮೋರ ಕಾರ್ಡಲ್ಲೆಲ್ಲ ದೊಡ್ಡೋರ ಹೆಸ್ರಿಗೆ ಅದು ಇರ್ತೈತಲ್ಲ. ಶ್ರೀಮತಿ ಥರ ಮರ್ಯಾದೆಗೆ ಅಂದ್ಕೊಂಡಿದ್ದೆ,” ಅಂದಳು.

ದಾಕ್ಷಾಯಣಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಂಪು ಪೆನ್ನಿನಿಂದ ಆ ಅಕ್ಷರ ಹೊಡೆದುಹಾಕಿ, ಅಂಚಿನಲ್ಲಿ ಏನೋ ಬರೆದಳು.

ಉಳಿದ ಹಾಳೆಗಳನ್ನು ಅವಳು ಬೇಕೆಂದೇ ನಿಧಾನ ಮಾಡಿದಳು. ದಿನಕ್ಕೆ ನಾಲ್ಕೇ ಪುಟ. ಓದಿದ್ದನ್ನೇ ಓದುವಳು, ಅಚ್ಚಾದ ತನ್ನ ಮಾತಿನ ಮೇಲೆ ಬೆರಳಾಡಿಸುವಳು. “ಬೇಗ ಮುಗ್ಸಮ್ಮ” ಅಂದರೆ, “ಇಷ್ಟು ವರ್ಷ ಕಾದಿವ್ನಿ, ಒಂದೀಟು ಸುಖ ಪಡ್ತೀನಿ ಬುಡು” ಅನ್ನುವಳು. ನಿನ್ನೆ ಸಂಜೆ ಕೊನೆಯ ಪುಟ ಮುಗಿಸಿ, ತನ್ನ ಗಂಟು ಹಾಕಿ, “ನಾಳೆ ಬಸ್ಸಿಗೆ ಕೊಡೇ” ಅಂದು ಮಲಗಿದಳು. ಬೆಳಿಗ್ಗೆ ಏಳಲಿಲ್ಲ.

*

ಹನ್ನೊಂದು ಗಂಟೆಗೆ ಕರೀಮ್ ಸಾಬರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದಾಕ್ಷಾಯಣಮ್ಮನ ಮುಂದೆ ತಲೆ ಬಗ್ಗಿಸಿ ನಿಂತು, ಲೋಹಿತಾಳ ಕಡೆ ತಿರುಗಿದರು. “ಎರಡು ದಿನಕ್ಕೊಂದ್ಸಲ ಫೋನ್ ಮಾಡೋರು ಬೇಟಿ. ರಟ್ಟು ಯಾವ ಬಣ್ಣ, ದಾರ ಯಾವ್ದು ಅಂತ. ಇನ್ನ ಯಾರ್ ಕೇಳ್ತಾರೆ?”

ಶಂಕರಲಿಂಗಪ್ಪ ಅವರನ್ನು ಜಗಲಿಗೆ ಕರೆದ. “ಸಾಬ್ರೆ, ಆರಾಧನೆ ಕಾರ್ಡು ನಿಮ್ದೇ. ಅಂಗೇ ಆ ಬುಕ್ಕೂ ಮಾಡ್ಬುಡಿ. ಅವತ್ತು ಬಂದೋರಿಗೆಲ್ಲ ತಾಂಬೂಲದ ಜೊತೆ ಹಂಚಾನ. ಮುಂದ್ಗಡೆ ಹಾರ ಹಾಕಿದ ಫೋಟೋ, ಮ್ಯಾಲೆ ‘ಸ್ಮರಣೆ’ ಅಂತ. ಹೆಸ್ರಿಗೆ ಲಿಂ. ಸೇರ್ಸದು ಮರೀಬ್ಯಾಡಿ, ಜನ ಆಡ್ಕಂತಾರೆ.”

ಅವನದು ಪ್ರೀತಿಯೇ. ಆದರೆ ಒಳಗಿನಿಂದ ಕೇಳಿಸಿಕೊಂಡ ಲೋಹಿತಾ ಜಗಲಿಗೆ ಬಂದಳು. ಎಲೆಯಡಿಕೆ ಜೊತೆ ಕೈಗೆ ಬಂದ ಪುಸ್ತಕವನ್ನು ಯಾರು ಓದುತ್ತಾರೆ? ಮನೆಗೆ ಹೋಗಿ ಕಪಾಟಿನ ಮೇಲಿಡುತ್ತಾರೆ, ಅಷ್ಟೇ.

“ಅಮ್ಮ ಸ್ಮರಣೆಗೆ ಅಂತ ಬರೀಲಿಲ್ಲ ಮಾವ. ಜನ ಓದ್ಲಿ ಅಂತ ಬರೆದ್ಲು.”

“ಸತ್ತೋರ ಹೆಸ್ರಿಗೆ ಅದು ಇಲ್ದಿದ್ರೆ ಹೆಂಗವ್ವ? ಮರ್ಯಾದೆ ಅಲ್ವಾ?”

ಲೋಹಿತಾ ಒಳಗೆ ಹೋದಳು. ಬೆಳಿಗ್ಗೆ ಅವನೇ ಮಡಚಿದ್ದ ಹಾಳೆಯನ್ನು ತಂದು ಅವನ ತೊಡೆಯ ಮೇಲಿಟ್ಟಳು.

ಶಂಕರಲಿಂಗಪ್ಪ ಕನ್ನಡಕ ಹಾಕಿಕೊಂಡ. ‘ಲಿಂ.’ ಮೇಲೆ ಕೆಂಪು ಗೆರೆ ಬಿದ್ದಿತ್ತು. ಅಂಚಿನಲ್ಲಿ ತಂಗಿಯ ಗುಂಡಗಿನ ಅಕ್ಷರ: “ಕರೀಮಣ್ಣ, ನಾನಿನ್ನೂ ಇದ್ದೀನಿ.”

ಅವನು ಓದಿದ. ಮತ್ತೆ ಓದಿದ. ಬೆಳಗಿನಿಂದ ಚಪ್ಪರ, ಹೂವು, ಗುಂಡಿ ಅಂತ ಓಡಾಡುತ್ತಲೇ ಇದ್ದವನು ಅಳುವುದನ್ನೇ ಮರೆತಿದ್ದ. ಈಗ ಅತ್ತ. ಆಮೇಲೆ ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ತೀಡಿ ಸಾಪು ಮಾಡಿ ಕರೀಮ್ ಸಾಬರ ಕೈಗೆ ಕೊಟ್ಟ.

“ಅವ್ಳು ಹೆಂಗೆ ತಿದ್ದವ್ಳೋ ಅಂಗೇ ಇರ್ಲಿ.”

“ಕಾರ್ಡಿಗೆ?” ಎಂದರು ಸಾಬರು ಮೆಲ್ಲಗೆ.

“ಕಾರ್ಡಿಗೆ ಹಾಕಿ,” ಅಂದಳು ಲೋಹಿತಾ.

ಮಧ್ಯಾಹ್ನ ಹೊಲದಂಚಿನಲ್ಲಿ ದಾಕ್ಷಾಯಣಮ್ಮನನ್ನು ಕೂತ ಹಾಗೇ ಇಳಿಸಿದರು. ಇಪ್ಪತ್ತೊಂದು ಚೀಟಿ ಇಟ್ಟರು, ವಿಭೂತಿ, ಪತ್ರೆ, ಮಣ್ಣು. ಕರೀಮ್ ಸಾಬರೂ ಮೂರು ಹಿಡಿ ಮಣ್ಣು ಹಾಕಿ, ಕೈ ತೊಳೆದು, ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು.

ದೀಪ ಹಚ್ಚುವ ಹೊತ್ತಿಗೆ ಲೋಹಿತಾಳ ಫೋನಿಗೆ ಐಮನ್ ಮೊದಲ ಪುಟ ಕಳಿಸಿದ್ದಳು. “ಅಕ್ಕಾ, ತೆಗ್ದಿದ್ದೀನಿ. ಸರಿಯಿದ್ಯಾ?”

ಲೋಹಿತಾ ಅಕ್ಷರ ದೊಡ್ಡದು ಮಾಡಿ ನೋಡಿದಳು. ಆ ಹುಡುಗಿ ‘ಲಿಂ.’ ಅಳಿಸಿದ್ದಳು, ಆದರೆ ಹೆಸರನ್ನು ನಡುವಿಗೆ ಸರಿಸುವುದು ಮರೆತಿದ್ದಳು. ದಾಕ್ಷಾಯಣಮ್ಮ ಸ್ವಲ್ಪ ಬಲಕ್ಕೆ ಕೂತಿದ್ದಳು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು.

“ಸರಿಯಿದೆ,” ಎಂದು ಬರೆದಳು.