ಎ.ಸಿ. ಎಷ್ಟು ಹೊತ್ತು ಓಡಬೇಕು

ಗಂಡನ ತೋಟದ ಅಂಗಿಯನ್ನು ಒಗೆಯುವ ಕಲ್ಲಿನ ಮೇಲೆ ಹರಡಿಕೊಂಡು ದಾನೇಶ್ವರಿ ಕಾಲರಿಗೆ ಸೋಪು ಉಜ್ಜುತ್ತಿದ್ದಳು. ಅರ್ಧವೂ ಉಜ್ಜಿರಲಿಲ್ಲ, ಮನೆ ಮುಂದೆ ಬೈಕು ಬಂದು ನಿಂತಿತು.

"ರುದ್ರೇಶಣ್ಣಾ, ಇದ್ದೀರಾ?"

ಕಿಬ್ಬನಹಳ್ಳಿಯ ಸೋಲಾರ್ ಅಂಗಡಿ ಕಾಂತೇಶನ ದನಿ. ತಾರಸಿ ಅಳತೆ ಮಾಡಲು ನಾಳೆ ಬರುತ್ತೇನೆ ಎಂದಿದ್ದವನು ಇವತ್ತೇ ಬಂದುಬಿಟ್ಟಿದ್ದ. ದಾನೇಶ್ವರಿ ಸೋಪಿನ ಕೈಯಲ್ಲೇ ಒಳಗೆ ಓಡಿದಳು. ಅಷ್ಟರಲ್ಲಿ ಅತ್ತೆ ಗುರುಶಾಂತಮ್ಮ ಮೊಮ್ಮಗಳ ರಟ್ಟೆ ಹಿಡಿದು ಪಡಸಾಲೆಯಿಂದ ಎಬ್ಬಿಸಿಯಾಗಿತ್ತು.

"ಕೋಣೆಗೆ ಹೋಗವ್ವ. ಎ.ಸಿ. ಹಾಕ್ಕಂಡು ಆಡ್ಕೋ. ನಾನು ಕರೆಯೋಗಂಟ ಈಚೆಗೆ ಬರಬ್ಯಾಡ."

ಎಂಟು ವರ್ಷದ ಮಧುಶ್ರೀ, ಸ್ವಲ್ಪ ಹೊತ್ತಿನ ಹಿಂದೆ ಅಮ್ಮ ನೀರಲ್ಲಿ ಅದ್ದಿ ತೊಡಿಸಿದ್ದ ಒದ್ದೆ ಫ್ರಾಕಿನಲ್ಲೇ ನೆಲದ ಮೇಲೆ ಹನಿ ಬೀಳಿಸುತ್ತ ಒಳಗೆ ಹೋದಳು. ಗುರುಶಾಂತಮ್ಮ ಒರೆಸುವ ಬಟ್ಟೆಯನ್ನು ಕಾಲಿನಲ್ಲೇ ಎಳೆದು ಆ ಹನಿಗಳನ್ನೆಲ್ಲ ಒರೆಸಿದರು.

ಆ ಹುಡುಗಿಗೆ ಹುಟ್ಟಿನಿಂದ ಬೆವರು ಬರುವುದಿಲ್ಲ. ನೋಡುವವರ ಕಣ್ಣಿಗೆ ತೆಳು ಕೂದಲು, ವಿರಳ ಹಲ್ಲು ಇಷ್ಟೇ ಕಾಣುತ್ತದೆ. ಆದರೆ ಮೈಯೊಳಗಿನ ಬಿಸಿ ಹೊರಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ, ಫ್ಯಾನು ನಿಂತು, ಮೈ ಕಾದ ಹೆಂಚಿನಂತಾಗಿ ಫಿಟ್ಸ್ ಬಂದುಬಿಟ್ಟಿತ್ತು. ತಿಪಟೂರಿನ ಡಾಕ್ಟರು ಐಸು ಹಾಕಿ ಹೇಗೋ ಉಳಿಸಿಕೊಟ್ಟರು. ಬಿಸಿಲಿನ ದಿನಗಳಲ್ಲಿ ತಂಪು ಕೋಣೆ ಬಿಟ್ಟು ಈಚೆಗೆ ತರಬೇಡಿ, ಇನ್ನೊಂದು ಸಲ ಹೀಗಾದರೆ ಉಳಿಸುವುದು ಕಷ್ಟ ಎಂದು ದಾನೇಶ್ವರಿಯ ಮುಖ ನೋಡದೆ ಹೇಳಿದ್ದರು. ಎ.ಸಿ. ಬಂದದ್ದು ಅದಕ್ಕೆ. ಈಗ ಸೋಲಾರು ಬರಬೇಕಾದದ್ದೂ ಅದಕ್ಕೇ.

ಈ ವಿಷಯ ಊರಲ್ಲಿ ಯಾರಿಗೂ ಹೇಳಲು ಅತ್ತೆ ಬಿಟ್ಟಿಲ್ಲ. ಗುರುಶಾಂತಮ್ಮ ಕೆಟ್ಟವರೇನಲ್ಲ. ಆಸ್ಪತ್ರೆಯಲ್ಲಿ ಊಟ ಬಿಟ್ಟು, ಮೊಮ್ಮಗಳ ಪಾದ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದವರು ಅವರೇ. "ರೋಗದ ಹುಡುಗಿ ಅನ್ನೋ ಹೆಸರು ಒಂದ್ಸಲ ಅಂಟ್ಕಂಡ್ರೆ ಬುಡಲ್ಲ ಕಣೇ. ನಾಳೆ ಅವಳೂ ಒಂದು ಮನೆ ಸೇರ್ಬೇಕಲ್ಲ" ಎನ್ನುವುದು ಅವರ ಭಯ. ಕಾಂತೇಶನ ಅಂಗಡಿಯೋ ಹೈವೇ ಕೂಡುವ ಜಾಗದಲ್ಲಿದೆ. ಬಸ್ಸಿಗೆ ಕಾಯುವವರೆಲ್ಲ ಕೂರುವುದು ಅವನ ಬೆಂಚಿನ ಮೇಲೆಯೇ. ಅಲ್ಲಿ ಬಿದ್ದ ಮಾತು ಸಂಜೆಯೊಳಗೆ ತುರುವೇಕೆರೆ ಮುಟ್ಟುತ್ತದೆ.

ಕಾಂತೇಶ್ ರುದ್ರೇಶನ ಜೊತೆ ತಾರಸಿಯಿಂದ ಇಳಿದು ಬಂದು ಅಳತೆಯ ಟೇಪು ಸುತ್ತುತ್ತ ಕುರ್ಚಿಯಲ್ಲಿ ಕೂತ.

"ಜಾಗ ಬೇಕಾದಂಗೈತೆ ಅಣ್ಣ. ಪಡುವಲ ಸಾಲಿನ ತೆಂಗಿನ ನೆರಳು ಮಧ್ಯಾಹ್ನದ ಮೇಲೆ ಬೀಳ್ತದೆ, ಅದೊಂದೇ. ಈಗ ಹೇಳಿ, ಎ.ಸಿ. ಎಷ್ಟು ಹೊತ್ತು ಓಡಬೇಕು? ಯಾವಾಗ ಓಡಬೇಕು? ಅದು ಗೊತ್ತಾದ್ರೆ ಮಿಕ್ಕಿದ್ದು ನನಗೆ ಬುಡಿ."

ರುದ್ರೇಶ್ ಅವ್ವನ ಕಡೆ ನೋಡಿದ.

"ರಾತ್ರಿ ಒಂದೆರಡು ಗಂಟೆ ಕಣಪ್ಪ, ಅಷ್ಟೇ" ಎಂದರು ಗುರುಶಾಂತಮ್ಮ. "ಇವನಿಗೆ ಸೆಕೆ ತಡಿಯಕ್ಕಾಗಲ್ಲ."

"ಅದು ಸೆಕೆ ಅಲ್ಲ ಕಣವ್ವ, ಅಣ್ಣನ ಹೊಟ್ಟೆ. ನೋಡಿ ಹೆಂಗೆ ಬಂದೈತೆ!"

ಕಾಂತೇಶ್ ನಕ್ಕ. ರುದ್ರೇಶನೂ ನಕ್ಕ, ಆದರೆ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಲಿಲ್ಲ.

"ಹಂಗಾದ್ರೆ ಸುಲಭ. ಮೂರು ಕಿಲೋವ್ಯಾಟು ಸಾಕು, ಬ್ಯಾಟರಿ ಬೇಡ. ಹಗಲು ಹುಟ್ಟೋ ಕರೆಂಟು ಕಂಬದ ಲೈನಿಗೆ ಹೋಗ್ತದೆ, ರಾತ್ರಿ ಲೈನಿಂದ ನೀವು ತಗೋತೀರಿ. ಬಿಲ್ಲಲ್ಲಿ ವಜಾ ಆಗ್ತದೆ."

"ಹಗಲೊತ್ತು ಕರೆಂಟು ಹೋದ್ರೆ?" ದಾನೇಶ್ವರಿ ಕೇಳಿದಳು.

"ಸೋಲಾರೂ ನಿಂತೋಗ್ತದಕ್ಕ."

"ಬಿಸಿಲು ಸುಡ್ತಾ ಇದ್ರೂನಾ?"

"ಇದ್ರೂನೂ. ಲೈನ್‌ಮನ್ ಕಂಬ ಹತ್ತಿರ್ತಾನೆ. ನಿಮ್ಮ ತಾರಸಿ ಕರೆಂಟು ಅವನಿಗೆ ಹೊಡೆದ್ರೆ ಏನು ಗತಿ? ಅದಕ್ಕೇ ಲೈನ್ ಹೋದ ತಕ್ಷಣ ಮಿಷನ್ನು ತಾನಾಗೇ ಆಫ್ ಆಗ್ತದೆ."

ತಾರಸಿ ಮೇಲೆ ಪ್ಯಾನಲ್ಲು ಬಿದ್ದರೆ ಸಾಕು, ಕರೆಂಟಿನ ಭಯ ಮುಗಿಯಿತು ಎಂದು ದಾನೇಶ್ವರಿ ಇಷ್ಟು ದಿನ ನಂಬಿಕೊಂಡಿದ್ದಳು. ಕಾಫಿ ಲೋಟವನ್ನು ಕಾಂತೇಶನ ಮುಂದಿಟ್ಟಳು.

"ಬ್ಯಾಟರಿ ಇರೋದು ಹಾಕಿಸಿದ್ರೆ?"

"ಹಾಕ್ಬೋದು. ಆಗ ಲೈನ್ ಹೋದ್ರೂ ಓಡ್ತದೆ. ಆದ್ರೆ ಅದರ ಲೆಕ್ಕವೇ ಬೇರೆ ಅಕ್ಕ. ಪ್ಯಾನಲ್ಲು ಜಾಸ್ತಿ ಬೇಕು, ಇನ್ವರ್ಟರು ಬೇರೆ ಥರದ್ದು. ತೆಂಗಿನ ನೆರಳಿಗೆ ಸಿಗದಂಗೆ ಹಿತ್ತಲಲ್ಲಿರೋ ಆ ಕೊಬ್ಬರಿ ಶೆಡ್ಡಿನ ಮೇಲೆ ಕೂರಿಸ್ಬೇಕು. ರಾತ್ರಿ ಒಂದೆರಡು ಗಂಟೆ ತಂಪಿಗೆ ಅಷ್ಟೆಲ್ಲ ಯಾಕೆ? ಒಂದು ಲೋಟ ಕಾಫಿ ಕಾಯಿಸಕ್ಕೆ ಮದುವೆ ಮನೆ ಹಂಡೆ ಇಟ್ಟಂಗಾಯ್ತದೆ!"

"ಗಂಡಸ್ರು ಮಾತಾಡ್ಕೋತಾರೆ, ನೀನು ಒಳಗೋಗು ದಾನೇಶ್ವರಿ" ಎಂದರು ಅತ್ತೆ. ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ.

ಅವಳು ಹೋಗಲಿಲ್ಲ. ಒಂದು ಸುಳ್ಳಿನ ಮೇಲೆ ಎಲ್ಲವೂ ನಿಲ್ಲುತ್ತಿತ್ತು. ಪ್ಯಾನಲ್ಲು ಎಷ್ಟು, ಅವನ್ನು ಕೂರಿಸುವುದು ಎಲ್ಲಿ, ಬ್ಯಾಟರಿ ಬೇಕೋ ಬೇಡವೋ ಎಲ್ಲವೂ. ಸುಳ್ಳು ಹಾಗೇ ಉಳಿದರೆ ತಾರಸಿಯ ತುಂಬ ಬಿಸಿಲು ಬಿದ್ದಿರುವಾಗಲೇ ಕೆಳಗೆ ಕೋಣೆಯಲ್ಲಿ ಮಗಳು ಬೇಯುತ್ತಾಳೆ.

ಅಷ್ಟರಲ್ಲಿ ಅಡುಗೆಮನೆಯ ಫ್ರಿಜ್ಜು ಗಕ್ಕನೆ ನಿಂತಿತು. ಹಿತ್ತಲಿನ ಗೋಡೆಯಲ್ಲಿ ಗುಂಯ್‌ಗುಡುತ್ತಿದ್ದ ಎ.ಸಿ.ಯ ಡಬ್ಬವೂ ಸುಮ್ಮನಾಯಿತು.

"ನೋಡಿ, ಹೇಳ್ತಿದ್ದಂಗೇ ಹೋಯ್ತು" ಎಂದ ಕಾಂತೇಶ್. "ಇವತ್ತು ಲೈನ್ ಕೆಲಸ ಐತಂತೆ. ಬೆಳಿಗ್ಗೆ ನೊಣವಿನಕೆರೇಲಿ ಹೇಳ್ತಿದ್ರು. ಇನ್ನು ಬರೋದು ಸಂಜೆಗೇ."

ಗುರುಶಾಂತಮ್ಮನ ಕೈ ತಾನಾಗಿಯೇ ಗೂಟದಲ್ಲಿದ್ದ ಬೀಸಣಿಗೆಯನ್ನು ಎಳೆದುಕೊಂಡಿತು. ಯಾರಿಗೆ ಬೀಸಬೇಕು ಎಂದು ತಿಳಿಯದೆ ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡರು.

"ರೀ" ಎಂದಳು ದಾನೇಶ್ವರಿ. "ಸಂಜೆಗಂಟ ಅಂತೆ. ಹೇಳ್ರಿ ಅವ್ರಿಗೆ."

"ಏನೇಳ್ಬೇಕೇ?"

"ನಿಮಗೆ ಗೊತ್ತಿಲ್ವಾ?"

ರುದ್ರೇಶ್ ಎದ್ದು ಹೋಗಿ ಕಿಟಕಿಯ ಕದ ತೆರೆದ. ಗಂಡ ಹೆಂಡಿರ ಜಗಳವಿರಬೇಕೆಂದುಕೊಂಡು ಕಾಂತೇಶ್ ಬಾಕಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

"ಸರಿ ಅಣ್ಣ, ಮೂರು ಕಿಲೋವ್ಯಾಟೇ ಗಟ್ಟಿ ತಾನೇ? ಇವತ್ತೇ ಮಾಲು ಕಳ್ಸಕ್ಕೆ ಹೇಳ್ಬುಡ್ತೀನಿ."

"ಹ್ಞೂಂ ಕಣಪ್ಪ, ಹೇಳ್ಬುಡು" ಎಂದರು ಗುರುಶಾಂತಮ್ಮ, ಅವಸರವಾಗಿ.

ಕೋಣೆಯ ಬಾಗಿಲು ತೆರೆಯಿತು. ಮಧುಶ್ರೀ ಹೊಸ್ತಿಲ ಮೇಲೆ ನಿಂತಿದ್ದಳು. ಎ.ಸಿ.ಯ ಗಾಳಿಗೆ ಫ್ರಾಕು ಆಗಲೇ ಮುಕ್ಕಾಲು ಒಣಗಿತ್ತು, ಕೆನ್ನೆ ಕೆಂಪಗಾಗತೊಡಗಿತ್ತು. ಅಷ್ಟು ಹೊತ್ತೂ ಬಾಗಿಲಿಗೆ ಕಿವಿ ಕೊಟ್ಟಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಒಳಗೋಗವ್ವ, ನನ್ನ ಬಂಗಾರ" ಎಂದು ಅಜ್ಜಿ ಬೀಸಣಿಗೆ ಹಿಡಿದೇ ಎದ್ದರು.

ದಾನೇಶ್ವರಿ ಕೋಣೆಯೊಳಗೆ ಬಾಗಿಲ ಪಕ್ಕ ನೀರು ತುಂಬಿಟ್ಟಿದ್ದ ಬಕೆಟ್ಟಿನಿಂದ ಟವೆಲ್ಲು ಎತ್ತಿ, ಹಿಂಡದೆ, ನೀರು ಸುರಿಯುತ್ತಿದ್ದ ಹಾಗೇ ಮಗಳ ಹೆಗಲಿಗೆ ಹೊದಿಸಿದಳು. ಈ ಸಲ ನೆಲ ಒರೆಸಲು ಯಾರೂ ಬಗ್ಗಲಿಲ್ಲ. ಮಗುವಿನ ಕತ್ತು ಬೆಚ್ಚಗಾಗಿದ್ದದ್ದು ಅಂಗೈಗೆ ತಿಳಿದು, ಬಚ್ಚಲಿಗೆ ಎತ್ತಿಕೊಂಡು ಹೋಗೋಣವೆಂದು ಅವಳು ಬಗ್ಗಿದಳು. ಮಧುಶ್ರೀ ಅಮ್ಮನ ಕೈ ಬಿಡಿಸಿಕೊಂಡು ಕಾಂತೇಶನ ಎದುರಿಗೆ ಬಂದಳು.

"ಮಾವ, ನಂಗೆ ಬೆವರು ಬರಲ್ಲ. ಕರೆಂಟು ಹೋದ್ರೂ ಸಂಜೆಗಂಟ ಎ.ಸಿ. ನಿಲ್ಲಬಾರ್ದು ಅಂದ್ರೆ ಏನೇನು ಹಾಕ್ಬೇಕು?"