ಭಾವ ಆರಿಸಿಕೊಟ್ಟ ಸೋಲೋ

ಬ್ಯಾಂಡಿನಲ್ಲಿ ಬ್ಯಾರಿಟೋನ್ ಊದುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಳ್ಳುವ ಆ ಹಿತ್ತಾಳೆ ವಾದ್ಯದ ಕೆಲಸ, ಪುಟ್ಟ ತುತ್ತೂರಿಯಂಥ ಕಾರ್ನೆಟ್ಟಿನ ಮೇಲಿನ ಸ್ವರಕ್ಕೂ ದೊಡ್ಡ ಕೊಳವೆಗಳ ಗುಡುಗಿಗೂ ನಡುವೆ ತೇಪೆ ಹಾಕುವುದು. ಬೇಕರಿಯವನು ಅರ್ಧ ಆಯುಷ್ಯ ಆ ತೇಪೆ ಹಾಕುತ್ತಲೇ ಕಳೆದಿದ್ದ. ಒಂದು ದಿನ ತನಗೂ ಸೋಲೋ ಸಿಗುತ್ತದೆ, ಎದ್ದು ನಿಂತು ಒಬ್ಬನೇ ಊದುತ್ತೇನೆ ಎಂದು ಒಳಗೊಳಗೇ ಕಾದಿದ್ದ.

ಬ್ಯಾರಿಟೋನಿಗೆ ಸೋಲೋ ಬಂತು; ಅವನಿಗೆ ಬರಲಿಲ್ಲ. ಮುಂದಿನ ಹಲ್ಲು ಹೋಗಿ ಬೇರೆ ಕಟ್ಟಿಸಿಕೊಂಡ ಮೇಲೆ ಅವನ ಸ್ವರದಲ್ಲಿ ಗಾಳಿ ಸೋರುತ್ತಿತ್ತು. ಬ್ಯಾಂಡ್ ಮಾಸ್ತರರು ಸೋಲೋವನ್ನು ಅವನ ತಂಗಿಯ ಗಂಡನಿಗೆ ಕೊಟ್ಟರು. ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಆತನನ್ನು ಬ್ಯಾಂಡಿಗೆ ಕರೆತಂದು, ತುಟಿ ಹೇಗಿಡಬೇಕೆಂದು ಕಲಿಸಿದ್ದು ಬೇಕರಿಯವನೇ.

"ಟ್ಯೂನು ನೀವೇ ಆರಿಸಿಕೊಡಿ," ಎಂದರು ಮಾಸ್ತರರು. "ಅವನ ಉಸಿರು ಎಷ್ಟು ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತು?"

"ಸೋಲೋ ಅಂತ ಹೆಸರಿಟ್ಟ ಮೇಲೆ ಗೆಲ್ಲೋದೆಲ್ಲಿಂದ ಬಂತು?" ಎಂದು ಡ್ರಮ್ಮಿನವನು ಎಲ್ಲರನ್ನೂ ನಗಿಸಿದ. ಬೇಕರಿಯವನು ನಗಲಿಲ್ಲ.

ಸ್ವರದ ಹಾಳೆಗಳನ್ನಿಡುವ ಬ್ಯಾಂಡಿನ ಬೀರುವಿನಲ್ಲಿ ಬ್ಯಾರಿಟೋನಿಗೆ ಹೊಂದುವ ಟ್ಯೂನುಗಳು ಎರಡೇ ಇದ್ದವು. ಒಂದು ನಿಧಾನದ್ದು; ತಂಗಿಯ ಗಂಡನ ತುಂಬು ಉಸಿರಿಗೆ ಹೇಳಿ ಮಾಡಿಸಿದಂತಿತ್ತು. ಇನ್ನೊಂದು ಓಟದ್ದು, ಬೆರಳಿಗೆ ಬಿಡುವಿಲ್ಲ, ತುಟಿ ಸೋತ ಹೊತ್ತಿಗೆ ಕೊನೆಯಲ್ಲಿ ಎತ್ತರದ ಸ್ವರ. ಬೇಕರಿಯವನು ನಿಧಾನದ್ದನ್ನು ಒಮ್ಮೆ ಕೈಗೆತ್ತಿಕೊಂಡು, ಮತ್ತೆ ಬೀರುವಿನಲ್ಲೇ ಇಟ್ಟ.

"ಭಾವ, ಈ ಮೇಲಿನ ಸ್ವರ ನನಗೆ ಒಂದಿನ ಸಿಕ್ಕಿದ್ರೆ ಇನ್ನೊಂದಿನ ಸಿಗಲ್ಲ," ಎಂದ ತಂಗಿಯ ಗಂಡ.

"ಸಿಗುತ್ತೆ ಬಿಡೋ. ಆ ಇನ್ನೊಂದು ಊದಿದ್ರೆ ಜನ ನಿದ್ದೆ ಹೋಗ್ತಾರೆ."

ಭಾವನ ಮಾತೆಂದರೆ ಆತನಿಗೆ ವೇದವಾಕ್ಯ. ಕೆಲಸ ಮುಗಿಸಿ ಬಂದು ಗ್ರೀಸು ತೊಳೆದುಕೊಂಡವನೇ ಊದಲು ಕೂರುತ್ತಿದ್ದ. ಪಕ್ಕದ ಮನೆಯಾಕೆ ಕಿಟಕಿಯಿಂದ, "ನಿಮ್ಮನೆ ಎಮ್ಮೆ ಈಯೋದು ಯಾವಾಗ?" ಎಂದು ಕೇಳಿದರೂ ಬಿಡಲಿಲ್ಲ.

ಕಛೇರಿಯ ದಿನ ಸಭಾಂಗಣ ತುಂಬಿತ್ತು. ಆತ ಎದ್ದು ನಿಂತು ಓಟದ ಭಾಗವನ್ನು ಹೇಗೋ ದಾಟಿದ. ಕೊನೆಯ ಏರಿಗೆ ಬರುವಾಗ ಕುತ್ತಿಗೆ ಕೆಂಪಾಗಿತ್ತು. ಸ್ವರ ಒಡೆಯಿತು. ಮತ್ತೆ ಹಿಡಿಯಲು ಹೋದ, ಮತ್ತೆ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆತ ವಾದ್ಯ ಇಳಿಸಿ ಸುಮ್ಮನೆ ನಿಂತುಬಿಟ್ಟ. ಕಾರ್ನೆಟ್ಟಿನವಳು ಟ್ಯೂನನ್ನು ಎತ್ತಿಕೊಂಡು ಮುಗಿಸಿದಳು.

ಪಕ್ಕದಲ್ಲೇ ಕೂತಿದ್ದ ಬೇಕರಿಯವನಿಗೆ, ಸ್ವರ ಒಡೆದ ಆ ಗಳಿಗೆಯಲ್ಲಿ ಖುಷಿಯಾಯಿತು. ಸೀನು ಬಂದು ಹೋಗುವಷ್ಟು ಹೊತ್ತು, ಅಷ್ಟೇ. ಮರುಕ್ಷಣವೇ ಮೈಮೇಲೆ ಹೇಸಿಗೆ ಸುರಿದಂತಾಯಿತು. ತಲೆಯೆತ್ತಲು ಆಗಲಿಲ್ಲ.

ವೇದಿಕೆಯ ಹಿಂದೆ ತಂಗಿಯ ಗಂಡ ಅವನ ಕೈ ಹಿಡಿದುಕೊಂಡ. "ಭಾವ, ನಿಮ್ಮ ಮರ್ಯಾದೆ ಮಣ್ಣುಪಾಲು ಮಾಡ್ಬಿಟ್ಟೆ. ನಂಬಿಕೆ ಇಟ್ಟು ಅಷ್ಟು ದೊಡ್ಡದನ್ನ ಕೊಟ್ಟಿದ್ರಿ."

ಬೇಕರಿಯವನು, "ಆಗುತ್ತೆ, ಆಗುತ್ತೆ," ಎಂದು ಕೈ ಬಿಡಿಸಿಕೊಂಡ.

ಮರುದಿನ ತಂಗಿ ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವವರೆಗೂ ಕಾದು ಹೇಳಿದಳು: "ಅವರು ವಾದ್ಯ ವಾಪಸ್ ಕೊಡ್ತಾರಂತೆ. ಅಣ್ಣಾ, ಅವರಿಗೆ ಆ ಸ್ವರ ಸಿಗಲ್ಲ ಅಂತ ನಿನಗೆ ಗೊತ್ತಿತ್ತಲ್ವಾ?"

ಬೇಕರಿಯವನು ತಟ್ಟೆಯ ಬನ್ನುಗಳನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದ. "ಗೊತ್ತಿತ್ತು."

"ಹಾಗಿದ್ರೆ ಅವರಿಗೂ ಹೇಳು," ಎಂದು ಅವಳು ಹೊರಟುಹೋದಳು.

ಸಂಜೆ ಅಂಗಡಿ ಬೇಗ ಮುಚ್ಚಿ ಅವರ ಮನೆಗೆ ಹೋದ. ತಂಗಿಯ ಗಂಡ ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. "ಬನ್ನಿ ಭಾವ," ಎಂದು ಕುರ್ಚಿ ಎಳೆದ. ಬೇಕರಿಯವನು ಕೂರಲಿಲ್ಲ.

"ನಿಧಾನದ್ದೇ ನಿನಗೆ ಸರಿಯಾದದ್ದು. ಗೊತ್ತಿದ್ದೂ ಕೊಡಲಿಲ್ಲ. ನನಗೆ ಸಿಗದೇ ಇದ್ದದ್ದು ನಿನಗೆ ಸಿಕ್ತಲ್ಲ, ಅದಕ್ಕೆ ಹೊಟ್ಟೆ ಉರೀತು."

ಆತ ಸುತ್ತುವುದನ್ನು ನಿಲ್ಲಿಸಿದ. "ನಾನು ನಿಮ್ಮ ಮುಖ ನೋಡೋದು ಹೇಗೆ ಅಂತ ನಿನ್ನೆಯಿಂದ ಊಟ ಬಿಟ್ಟಿದ್ದೀನಿ, ಭಾವ," ಎಂದ. ದನಿ ಏರಲಿಲ್ಲ. "ಈಗ ಹೋಗಿ. ಇವತ್ತು ನನ್ನ ಕೈಲಿ ಮಾತಾಡೋಕಾಗಲ್ಲ."

ಬೇಕರಿಯವನು ಮೆಟ್ಟಿಲಿಳಿದ. ಮಾಸ್ತರರಿಗೂ ತಾನಾಗಿಯೇ ಎಲ್ಲ ಹೇಳಿದ. ಅವರು ಅವನನ್ನು ಬ್ಯಾಂಡಿನಿಂದ ತೆಗೆಯಲಿಲ್ಲ, ತೆಗೆದಿದ್ದರೆ ಹಗುರಾಗುತ್ತಿತ್ತೇನೋ.

ಕೆಲವು ವಾರ ಕಳೆದ ಮೇಲೆ ತಂಗಿಯ ಗಂಡ ಅಭ್ಯಾಸಕ್ಕೆ ಬಂದ. ಯಾರನ್ನೂ ಕೇಳದೆ ಬೀರು ತೆರೆದು ನಿಧಾನದ ಟ್ಯೂನನ್ನು ತೆಗೆದ. ಮುಂದಿನ ಕಛೇರಿಯಲ್ಲಿ ಅದನ್ನು ಊದಿದಾಗ ಸಭಾಂಗಣದಲ್ಲಿ ಯಾರೂ ಕೆಮ್ಮಲಿಲ್ಲ. ಇಡೀ ಬ್ಯಾಂಡು ಎದ್ದು ಚಪ್ಪಾಳೆ ತಟ್ಟಿತು. ಆತ ಎಲ್ಲರ ಕಡೆಗೂ ತಿರುಗಿ ನಕ್ಕ. ಕಣ್ಣು ಬೇಕರಿಯವನತ್ತ ಬಂದಾಗ ನಗು ನಿಂತಿತು. ಒಮ್ಮೆ ಹೂಂ ಎಂಬಂತೆ ತಲೆಯಾಡಿಸಿ ಕೂತ. ಬೇಕರಿಯವನು ಅಷ್ಟನ್ನೇ ಇಟ್ಟುಕೊಂಡು ಮನೆಗೆ ನಡೆದ.